ಟವೆಲ್ ಟೀಚರ್

ಮಗಳು ಹಜಾರದ ಪರದೆ ಸರಿಸಿ ಕಿಟಕಿಯ ಚಿಲಕಕ್ಕೆ ಕೈ ಹಾಕುತ್ತಿದ್ದಂತೆಯೇ ಹಿಂದಿನಿಂದ ಟೈಲರಮ್ಮನ ಕೈ ಬಂದು ಪರದೆಯನ್ನು ಮತ್ತೆ ಮುಚ್ಚಿತು. ಬೆಳಗಿನಿಂದ ಇದೇ ನಡೆದಿತ್ತು. ಇವಳು ತೆರೆಯುವುದು, ಅವಳು ಮುಚ್ಚುವುದು. ಮಾತಿಲ್ಲ, ಕತೆಯಿಲ್ಲ. ಹಜಾರದ ನಡುವೆ ಪೆಟ್ಟಿಗೆಯಲ್ಲಿ ಮಲಗಿದ್ದ ಅಮ್ಮ ಈ ಜಗ್ಗಾಟಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕಣ್ಣು ಮುಚ್ಚಿಕೊಂಡಿದ್ದಳು.

"ಉಸಿರು ಕಟ್ತಿದೆ ರೀ. ಸ್ವಲ್ಪ ಗಾಳಿ ಬರ್ಲಿ ಬಿಡಿ," ಎಂದಳು ಮಗಳು.

"ಮೊದ್ಲು ಇದನ್ನ ಕುಡಿಯಮ್ಮ," ಎಂದು ಟೈಲರಮ್ಮ ಪಿಸುಗುಟ್ಟಿ ಅವಳ ಕೈಗೊಂದು ಲೋಟ ಕೊಟ್ಟಳು. ಬೆಚ್ಚಗಿನ ನೀರು, ಒಂದಿಷ್ಟು ಸಕ್ಕರೆ, ಚಿಟಿಕೆ ಉಪ್ಪು. ಕೊಟ್ಟವಳು ಕಣ್ಣೆತ್ತಿ ನೋಡಲಿಲ್ಲ. ಭುಜ ಮುಟ್ಟಲಿಲ್ಲ. ಬೆಕ್ಕಿನ ಹೆಜ್ಜೆಯಿಡುತ್ತ ಗೋಡೆಯ ಪಕ್ಕ ಹೋಗಿ ನಿಂತುಬಿಟ್ಟಳು. ಅಲ್ಲಿ ಅವಳಂಥವರೇ ಏಳೆಂಟು ಮಂದಿ ನೆಲ ನೋಡುತ್ತ ಸಾಲಾಗಿ ನಿಂತಿದ್ದರು. ಸಾವಿನ ಮನೆಗೆ ಬಂದವರೋ, ಬಸ್ಸು ಕಾಯುವವರೋ ಹೇಳುವುದು ಕಷ್ಟವಿತ್ತು.

ಮಗಳು ದೂರದ ನಗರದ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವಳು. ಯಾವ ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ದಿನವಿಡೀ ಸಾರುವುದೇ ಅವಳ ಕೆಲಸ. ಅವಳ ಒಂದು ಮಾತಿಗೆ ಇಡೀ ಪ್ಲಾಟ್‌ಫಾರಂ ಗಂಟುಮೂಟೆ ಹೊತ್ತು ಓಡುತ್ತದೆ. ಅಂಥವಳಿಗೆ ಹುಟ್ಟಿ ಬೆಳೆದ ಮನೆಯಲ್ಲಿ ಬಾಯಿಗೆ ಬೀಗ ಬಿದ್ದಂತಾಗಿತ್ತು. ನಿನ್ನೆ ಮಾವ ಫೋನು ಮಾಡಿ, "ಮೈಕು, ನಿಮ್ಮಮ್ಮ ಹೋಗ್ಬಿಟ್ಲು ಕಣೇ," ಎಂದಾಗ ಅವಳು "ಎಲ್ಲಿಗೆ?" ಎಂದು ಕೇಳಿದ್ದಳು. ಅಮ್ಮ ಸದಾ ಎಲ್ಲಿಗಾದರೂ ಹೊರಟಿರುತ್ತಿದ್ದಳು. ತಪ್ಪು ಅವಳದಲ್ಲ.

ಅಮ್ಮನ ಹೃದಯ ತಿಂಗಳುಗಟ್ಟಲೆಯಿಂದ ಕೈಕೊಡುತ್ತಿತ್ತಂತೆ. ಅದು ಮಾವನಿಗೆ ಗೊತ್ತಿರಲಿಲ್ಲ, ಮಗಳಿಗೆ ಗೊತ್ತಿರಲಿಲ್ಲ. ಗೋಡೆಯ ಪಕ್ಕ ನಿಂತಿದ್ದ ಇವರಿಗೆಲ್ಲ ಗೊತ್ತಿತ್ತು. ಹಡಗುಕಟ್ಟೆಯ ಶೆಡ್ಡಿನಲ್ಲಿ, ಇವರ ಕಣ್ಣೆದುರೇ, ಕುರ್ಚಿಯಲ್ಲಿ ಕೂತಲ್ಲೇ ಅಮ್ಮ ಹೋಗಿದ್ದಳು. ಮಗಳಿಗೆ ಬೇಕಿದ್ದದ್ದು ಒಂದೇ ಉತ್ತರ. ಕೊನೆಯ ದಿನಗಳಲ್ಲಿ ಅಮ್ಮ ತನ್ನನ್ನು ಕೇಳಿದಳೇ? ಕೇಳಿದ್ದರೆ ಇವರು ಯಾಕೆ ಕರೆಯಲಿಲ್ಲ? ಕೇಳದೇ ಇದ್ದಿದ್ದರೆ, ಹೆತ್ತ ಮಗಳನ್ನು ಯಾಕೆ ಕೇಳಲಿಲ್ಲ? ಪೆಟ್ಟಿಗೆ ಮಣ್ಣಿಗಿಳಿಯುವ ಮೊದಲು ಅದು ಗೊತ್ತಾಗಬೇಕಿತ್ತು. ಪೆಟ್ಟಿಗೆ ಒಯ್ಯುವ ವ್ಯಾನು ಮಧ್ಯಾಹ್ನ ಬರುವುದಿತ್ತು.

"ಕೊನೇಲಿ ಅಮ್ಮ ಏನಾದ್ರೂ ಅಂದ್ರಾ?" ಎಂದು ಬೆಳಗಿನಿಂದ ಸಿಕ್ಕಿದವರನ್ನೆಲ್ಲ ಕೇಳಿದ್ದಳು. ಬ್ಯಾಂಕಿನ ಗುಮಾಸ್ತ ತಲೆ ತಗ್ಗಿಸಿದ. ಕ್ಷೌರದಂಗಡಿಯವನು ಅವಳಿಗೊಂದು ಕುರ್ಚಿ ಹಾಕಿ, ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು, ಹೊರಟುಹೋದ. ಮತ್ತೊಬ್ಬಳು ಇನ್ನೊಂದು ಲೋಟ ಸಕ್ಕರೆ ನೀರು ತಂದಳು.

ಸಾಲದ್ದಕ್ಕೆ ಅವರ ಚಡಪಡಿಕೆ ಬೇರೆ. ಯಾರೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಒಬ್ಬ ಗಡಿಯಾರ ನೋಡುತ್ತಿದ್ದ, ಇನ್ನೊಬ್ಬಳು ಜೇಬಿನ ಫೋನನ್ನು ಅರ್ಧ ತೆಗೆದು ಇಣುಕಿ ಮತ್ತೆ ತುರುಕುತ್ತಿದ್ದಳು. ನಾಲ್ವರು ಸದ್ದಿಲ್ಲದೆ ಹೊರಟರೆ ಬೇರೆ ನಾಲ್ವರು ಬಂದು ಅದೇ ಜಾಗದಲ್ಲಿ ನಿಲ್ಲುತ್ತಿದ್ದರು. ಬಂದವರ ಮೈಯೆಲ್ಲ ಮೀನು, ಪಾತ್ರೆ ತೊಳೆಯುವ ಸೋಪು, ಡೀಸೆಲ್ಲಿನ ವಾಸನೆ.

"ಸಾವಿನ ಮನೇಲೂ ಶಿಫ್ಟ್ ಹಾಕ್ಕೊಂಡಿದಾರಲ್ಲೇ ಇವ್ರು," ಎಂದು ಮಾವ ಗೊಣಗಿದ. ಮಾವ ಎಂದರೆ ಅಮ್ಮನ ತಮ್ಮ, ಪೈಪು-ನಲ್ಲಿಗಳ ಅಂಗಡಿ ಇಟ್ಟವನು. ಗಿರಾಕಿಗಳ ಜೊತೆ ಬಾಯಿ ಮಾಡಿ ಮಾಡಿ ಅವನ ಗೊಣಗಾಟವೇ ಬೇರೆಯವರ ಮಾತಿಗಿಂತ ಜೋರು. ಸಾಲಾಗಿ ನಿಂತವರೆಲ್ಲ ಬೆಚ್ಚಿ ಅವನ ಕಡೆ ತಿರುಗಿದರು. "ಏನ್ ನೋಡ್ತೀರಿ? ನಮ್ಮಕ್ಕ ಏನ್ ನಿದ್ದೆ ಮಾಡ್ತಿದಾಳಾ, ಎದ್ದೇಳ್ತಾಳೆ ಅನ್ನೋಕೆ?"

ಅವರ ಚಡಪಡಿಕೆಗೆ ಕಾರಣ ಊರಿಗೇ ಗೊತ್ತಿತ್ತು. ಹಿಂದಿನ ವಾರ ಬಂದರಿನ ಹೊರಗೆ ಹಡಗೊಂದರ ತೊಟ್ಟಿ ಒಡೆದು ಎಣ್ಣೆ ಸಮುದ್ರಕ್ಕೆ ಸೋರಿತ್ತು. ಕಡಲಹಕ್ಕಿಗಳು ಮೈತುಂಬ ಕರಿ ಎಣ್ಣೆ ಮೆತ್ತಿಕೊಂಡು ದಡಕ್ಕೆ ಬಂದು ಬೀಳುತ್ತಿದ್ದವು. ಅವನ್ನು ಹಿಡಿದು ತಂದು, ಉಳಿಸಿ, ತೊಳೆದು, ಮತ್ತೆ ನೀರಿಗೆ ಬಿಡುವವರು ಇವರು. ಅದನ್ನು ಇವರಿಗೆ ಕಲಿಸಿದವಳು ಅಮ್ಮ. ಗುರುವಿನ ಹೆಣ ಇಲ್ಲಿ, ಗುರು ಹೇಳಿಕೊಟ್ಟ ಕೆಲಸ ಅಲ್ಲಿ. ಎರಡರ ನಡುವೆ ಓಡಾಡಿ ಅವರ ಮುಖಗಳು ಬಾಡಿಹೋಗಿದ್ದವು.

ಇದೆಲ್ಲ ಮಗಳಿಗೆ ಅರ್ಥವಾಗುತ್ತಿರಲಿಲ್ಲ ಎಂದಲ್ಲ. ಅರ್ಥವಾದರೂ ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ.

* * *

ಅಮ್ಮ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದಳು. ಬಹಳ ಹಿಂದೆ, ಮಗಳು ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ, ಇದೇ ದಡಕ್ಕೆ ಮೊದಲ ಸಲ ಎಣ್ಣೆ ಬಂದಾಗ ಊರವರೆಲ್ಲ ಬಕೆಟ್ಟು ಹಿಡಿದು ಓಡಿದರು. ಹಕ್ಕಿಗಳನ್ನು ಹಿಡಿದ ಹಿಡಿದ ಹಾಗೇ ಸೋಪಿನ ನೀರಿಗೆ ಅದ್ದಿ ತಿಕ್ಕಿದರು. ಫಳಫಳ ಹೊಳೆಯುವ ಹಕ್ಕಿಗಳು ಸಂಜೆಯ ಹೊತ್ತಿಗೆ ಒಂದೊಂದಾಗಿ ಸತ್ತವು. ಅಮ್ಮ ತಾನು ತೊಳೆದದ್ದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮುಂದಿನ ರಜೆಯಲ್ಲಿ ಎಲ್ಲಿಗೋ ಹೋಗಿ ತರಬೇತಿ ಪಡೆದು ಬಂದಳು. ಆಮೇಲೆ ಹಡಗುಕಟ್ಟೆಯ ಹಳೇ ಐಸ್ ಕಾರ್ಖಾನೆಯ ಶೆಡ್ಡನ್ನು ಕೇಳಿ ಕಾಡಿ ಪಡೆದು, ಬೇರೆಯವರಿಗೆ ಕಲಿಸತೊಡಗಿದಳು.

ಹಕ್ಕಿಗಳಿಗೆ ಟವೆಲು ಬೇಕು. ಹಿಡಿಯಲು, ಮುಚ್ಚಲು, ಒರೆಸಲು, ಎಷ್ಟಿದ್ದರೂ ಸಾಲದು. ಅಮ್ಮ ಮದುವೆಗೆ ಹೋದರೂ ಊಟ ಮುಗಿಸಿ ಏಳುವಾಗ, "ನಿಮ್ಮನೇಲಿ ಹಳೇ ಟವೆಲ್ ಇದ್ರೆ ಬಿಸಾಡ್ಬೇಡಿ," ಎಂದು ಹೇಳಿಯೇ ಏಳುತ್ತಿದ್ದಳು. ಹಾಗೆ ಟವೆಲ್ ಟೀಚರ್ ಆದಳು. ಮನೆಯಲ್ಲಿ ಮಾತ್ರ ಸ್ನಾನ ಮಾಡಿ ಬಂದವರಿಗೆ ಒರೆಸಿಕೊಳ್ಳಲು ಟವೆಲು ಸಿಗುತ್ತಿರಲಿಲ್ಲ.

ತರಬೇತಿಯ ಮೊದಲ ಪಾಠ ಸುಮ್ಮನಿರುವುದು. ಬಂದವರನ್ನೆಲ್ಲ ಶೆಡ್ಡಿನ ಅರೆಗತ್ತಲಲ್ಲಿ ಕೂರಿಸಿ ಅಮ್ಮ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು: "ನೀವು ಕಾಪಾಡೋಕೆ ಬಂದೋರು ಅಂತ ನೀವು ಅಂದ್ಕೊಂಡಿದೀರಿ. ತಿನ್ನೋಕೆ ಬಂದೋರು ಅಂತ ಅದು ಅಂದ್ಕೊಂಡಿದೆ. ನಿಮ್ಮ ಮಾತು ಅದಕ್ಕೆ ಗುರ್ ಅಂತ ಕೇಳ್ಸುತ್ತೆ. ನೀವು ಸವರಿದ್ರೆ ಅದಕ್ಕೆ ಉಗುರು. ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ. ಎಣ್ಣೆ ಕಂಡ ಕೂಡ್ಲೇ ತೊಳೆಯೋಕೆ ಕೈ ಹಾಕ್ಬೇಡಿ. ಮೊದ್ಲು ಬೆಚ್ಚಗಿಡಿ, ನೀರು ಕುಡಿಸಿ, ಕತ್ಲೆ ಮಾಡಿ, ಬಿಟ್ಬಿಡಿ. ತಡ್ಕೊಳ್ಳೋ ಶಕ್ತಿ ಬರ್ಲಿ, ಆಮೇಲೆ ತೊಳೆಯೋಣ. ತೊಳೆದ ಮೇಲೆ ಅದು ತನ್ನಷ್ಟಕ್ಕೆ ಒಣಗ್ಬೇಕು, ಅದಕ್ಕೆ ಮೊದ್ಲೇ ನೀರಿಗೆ ಬಿಟ್ರೆ ರೆಕ್ಕೆ ಒಳಗೆ ನೀರು ಇಳಿದು ಮುಳುಗುತ್ತೆ. ದಿನಾ ತೂಕ ನೋಡಿ. ತೂಕ ಏರ್ತಿದ್ರೆ ಸರಿ. ಇಳೀತಿದ್ರೆ ನೀವು ಅದಕ್ಕೆ ತೊಂದ್ರೆ ಕೊಡ್ತಿದೀರಿ ಅಂತ ಅರ್ಥ."

ಎರಡನೆಯ ದಿನ ಯಾರಾದರೊಬ್ಬರು ಅಳುತ್ತಿದ್ದರು. ಅಮ್ಮ ಅವರ ತೋಳು ಹಿಡಿದು ಬಾಗಿಲ ತನಕ ಬಿಟ್ಟು ಬರುತ್ತಿದ್ದಳು. ಅತ್ತು ಮುಗಿಸಿ ಒಳಗೆ ಬಂದರೆ ಏನೂ ಆಗಿಲ್ಲವೆಂಬಂತೆ ಕೈಗೆ ಕೈಗವಸು ಕೊಡುತ್ತಿದ್ದಳು.

ಒಮ್ಮೆ ಮಗಳು ಶಾಲೆಯಿಂದ ನೇರ ಶೆಡ್ಡಿಗೆ ಓಡಿ ಬಂದಿದ್ದಳು. ಪದ್ಯ ಓದುವ ಸ್ಪರ್ಧೆಯಲ್ಲಿ ಮೊದಲ ಬಹುಮಾನ. "ಅಮ್ಮಾ, ನಾನು ಗೆದ್ದೆ," ಎಂದು ಬಾಗಿಲಲ್ಲಿ ನಿಂತು ಕೂಗಿದಳು. ಒಳಗಿದ್ದವರೆಲ್ಲ ಒಟ್ಟಿಗೇ ತಿರುಗಿದರು. ಎಲ್ಲರಿಗಿಂತ ಮುಂದೆ ಅಮ್ಮ, ತುಟಿಯ ಮೇಲೆ ಬೆರಳಿಟ್ಟುಕೊಂಡು. ಆ ರಾತ್ರಿ ಅಮ್ಮ ಬಿಸಿ ಹಾಲು ತಂದಿಟ್ಟು, ಭುಜದ ಮೇಲೆ ಟವೆಲು ಹೊದಿಸಿ, ದೀಪ ಸಣ್ಣದು ಮಾಡಿ ಬಾಗಿಲು ಎಳೆದುಕೊಂಡು ಹೋಗಿದ್ದಳು. ಗೆದ್ದಾಗಲೂ ಅದೇ ಉಪಚಾರ, ಬಿದ್ದಾಗಲೂ ಅದೇ. ಮಗಳು ಆ ಹಾಲನ್ನು ಕುಡಿಯಲಿಲ್ಲ.

* * *

ಮತ್ತೊಂದು ಲೋಟ ಬಂದದ್ದೇ ಮಗಳು ಒಳಕೋಣೆಗೆ ಹೋದಳು. ಅಲ್ಲಿ ಯಾರೋ ಹೀಟರು ಹಚ್ಚಿಟ್ಟಿದ್ದರು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದ್ದರು. ಮಂಚದ ಮೇಲೆ ಮಡಿಸಿದ ಟವೆಲು. ಅವಳು ಹೀಟರನ್ನು ನೋಡಿದಳು, ಕಿಟಕಿಯನ್ನು ನೋಡಿದಳು, ಕೈಯಲ್ಲಿದ್ದ ಲೋಟವನ್ನು ನೋಡಿದಳು. ಮೈ ಉರಿದುಹೋಯಿತು.

"ಮಾವ, ಬಾ ಇಲ್ಲಿ. ಇವ್ರು ನನ್ನನ್ನ ಏನ್ ಮಾಡಿದಾರೆ ನೋಡು."

ಮಾವ ಬಂದು ಇಣುಕಿದ. "ಏನಾಯ್ತೇ? ಬೆಚ್ಚಗೆ ಚೆನ್ನಾಗಿದೆಯಲ್ಲ."

"ಹಕ್ಕಿ ಮಾಡಿದಾರೆ ನನ್ನನ್ನ. ಬೆಚ್ಚಗಿಡು, ನೀರು ಕುಡಿಸು, ಕತ್ಲೆ ಮಾಡು, ಬಿಟ್ಬಿಡು. ಒಬ್ರಾದ್ರೂ ಹತ್ರ ಬಂದು ಅಯ್ಯೋ ಪಾಪ ಅಂದ್ರಾ? ಅಮ್ಮ ಸತ್ತೋರು ಯಾರು ಮಾವ, ನಾನಾ ಅವ್ರಾ?"

ಮಾವನಿಗೆ ನಗು ಬಂತೋ ಅಳು ಬಂತೋ, ಮುಖ ಒರೆಸಿಕೊಂಡ. "ಅವ್ರಿಗೆ ಬರೋದೇ ಅದೊಂದು ಕಣೇ, ಏನ್ ಮಾಡ್ತೀಯಾ. ನಿಮ್ಮಮ್ಮ ಕಲ್ಸಿದ್ದು ಅಷ್ಟೇ. ನಾನು ಬೈಲಾ? ಬೈದ್ರೆ ಅದಕ್ಕೂ ನೆಲ ನೋಡ್ತಾರೆ."

ಹೊರಗೆ ಶೆಡ್ಡಿನ ವ್ಯಾನಿನ ಎಂಜಿನ್ ಶುರುವಾಯಿತು. ಶಿಫ್ಟು ಬದಲಾಗುವ ಹೊತ್ತು. ಓಡಿಸುವವನು ಡ್ರೈವರಣ್ಣ. ಅಮ್ಮನ ಮೊದಲ ತಂಡದಲ್ಲಿ ಕಲಿತವನು, ನಗರ ಸಾರಿಗೆ ಬಸ್ಸು ಓಡಿಸಿ ನಿವೃತ್ತನಾದವನು, ಈಗ ಶೆಡ್ಡಿಗೆ ಅವನೇ ದೊಡ್ಡವನು. ಅಮ್ಮ ಹೋಗುವಾಗ ಕುರ್ಚಿಯ ಪಕ್ಕದಲ್ಲಿದ್ದವನೂ ಅವನೇ ಎಂದು ಮಾವ ಹೇಳಿದ್ದ. ಬೆಳಗಿನಿಂದ ಅವನು ಮನೆಯ ಬಾಗಿಲಿಗೆ ಬಂದು ಜನರನ್ನು ಇಳಿಸಿ ಹತ್ತಿಸಿಕೊಂಡು ಹೋಗುತ್ತಿದ್ದನೇ ಹೊರತು ಹೊಸಿಲು ದಾಟಿರಲಿಲ್ಲ.

ಮಗಳು ನಿಂತ ಕಾಲಲ್ಲೇ ಚಪ್ಪಲಿ ಮೆಟ್ಟಿ ಓಡಿದಳು. "ಏಯ್, ಎಲ್ಲಿಗೇ? ಪೆಟ್ಟಿಗೆ ಮುಚ್ಚೋ ಹೊತ್ತಾಗ್ತಾ ಬಂತು," ಎಂದು ಮಾವ ಕೂಗಿದ. ಅಷ್ಟರಲ್ಲಿ ಅವಳು ವ್ಯಾನಿನ ಹಿಂದಿನ ಸೀಟಿನಲ್ಲಿ ತುರುಕಿಕೊಂಡಾಗಿತ್ತು. ಪಕ್ಕದವರು ಸರಿದು ಜಾಗ ಕೊಟ್ಟರು. ಯಾಕೆ ಬಂದೆ ಎಂದು ಕೇಳಲಿಲ್ಲ. ಕನ್ನಡಿಯಲ್ಲಿ ಡ್ರೈವರಣ್ಣನ ಕಣ್ಣು ಒಮ್ಮೆ ಅವಳನ್ನು ಕಂಡು, ತಕ್ಷಣ ರಸ್ತೆಗೆ ಮರಳಿತು.

* * *

ಹೋದ ವರ್ಷ ಗಂಡ ಮನೆ ಬಿಟ್ಟು ಹೋದಾಗ ಮಗಳು ಅಮ್ಮನಿಗೆ ಫೋನು ಮಾಡಿದ್ದಳು. ಅಮ್ಮ ಮರುದಿನವೇ ಬಂದಳು. ಬಂದವಳು ಏನಾಯಿತು ಎಂದು ಕೇಳಲಿಲ್ಲ. ಅವನನ್ನು ಬೈಯಲಿಲ್ಲ. ಪರದೆ ಎಳೆದಳು, ಹೊದಿಕೆ ತಂದಳು, ಗಂಜಿ ಮಾಡಿ ತಲೆದಿಂಬಿನ ಬಳಿ ಇಟ್ಟಳು. ಪಕ್ಕದ ಕೋಣೆಯಲ್ಲಿ ಸದ್ದಾಗದಂತೆ ಕೂತಳು. ಮಗಳು ಗೋಡೆಯಾಚೆ ಅಮ್ಮನ ಉಸಿರಿಗೆ ಕಿವಿಗೊಟ್ಟು ಮಲಗಿದ್ದಳು. ಬಂದು ತಲೆ ಸವರಿದರೆ ಸಾಕಾಗಿತ್ತು. ಕೆಲವು ದಿನ ಹಾಗೇ ಕಳೆದು ಒಂದು ಬೆಳಗ್ಗೆ ಅಮ್ಮ, "ಇನ್ನು ನೀನು ನಿನ್ನಷ್ಟಕ್ಕೆ ಒಣಗ್ಬೇಕು," ಎಂದು ಚೀಲ ಎತ್ತಿಕೊಂಡು ಹೊರಟುಬಿಟ್ಟಳು.

ಆಮೇಲೆ ಪ್ರತಿ ಭಾನುವಾರ ಫೋನು. "ಊಟ ಮಾಡ್ತಿದೀಯಾ? ನಿದ್ದೆ ಬರ್ತಿದೆಯಾ? ತೂಕ ಎಷ್ಟಿದೆ?" ಇಷ್ಟೇ. ಬೇರೆಯವರ ಅಮ್ಮಂದಿರು ಹೇಗಿದ್ದೀಯ ಎಂದು ಕೇಳಿದರೆ ಇವಳಿಗೆ ಮಗಳ ತೂಕ ಬೇಕು. ಮಗಳ ಮನೆಯಲ್ಲಿ ತೂಕದ ಯಂತ್ರವೇ ಇರಲಿಲ್ಲ. ಬಾಯಿಗೆ ಬಂದ ಅಂಕಿ ಹೇಳುತ್ತಿದ್ದಳು. ಹೋದ ವಾರಕ್ಕಿಂತ ತುಸು ಹೆಚ್ಚು ಹೇಳಿದರೆ ಅಮ್ಮ ಹೂಂಗುಟ್ಟಿ ಫೋನಿಡುತ್ತಿದ್ದಳು. ಅದು ಒಂಥರಾ ರೈಲಿನ ಸಮಯ ಹೇಳಿದ ಹಾಗೇ ಆಗಿಹೋಗಿತ್ತು.

ಎರಡು ತಿಂಗಳ ಹಿಂದೆ ಒಂದು ಭಾನುವಾರ ಅವಳಿಗೆ ಯಾಕೋ ತೀರಾ ಬೇಸರವಾಗಿತ್ತು. ಅಮ್ಮ ಬರಲಿ, ಎಲ್ಲ ಬಿಟ್ಟು ಓಡಿ ಬರಲಿ, ಪಕ್ಕದಲ್ಲಿ ಮಲಗಲಿ ಅನ್ನಿಸಿತ್ತು. ಬಾ ಎಂದು ಕರೆಯಲು ಸ್ವಾಭಿಮಾನ ಬಿಡಲಿಲ್ಲ. ಹಾಗಾಗಿ ತೂಕ ಕೇಳಿದಾಗ ಬೇಕೆಂದೇ ತೀರಾ ಕಡಿಮೆ ಹೇಳಿದಳು. ಆಚೆ ಕಡೆ ಅಮ್ಮ ಆ ಅಂಕಿಯನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, "ಸರಿ, ನೀನು ಸುಧಾರಿಸ್ಕೋ," ಎಂದು ಫೋನಿಟ್ಟಳು.

ಅಮ್ಮ ಬರಲಿಲ್ಲ. ಮುಂದಿನ ಭಾನುವಾರ ಫೋನೂ ಬರಲಿಲ್ಲ. ಮಗಳೂ ಮಾಡಲಿಲ್ಲ. ನಿನಗೆ ಬೇಡವಾದರೆ ನನಗೂ ಬೇಡ ಎಂದು ಹಲ್ಲು ಕಚ್ಚಿಕೊಂಡು ಇದ್ದುಬಿಟ್ಟಳು.

* * *

ಶೆಡ್ಡಿನೊಳಗೆ ಬಿಸಿನೀರಿನ ಆವಿ ತುಂಬಿಕೊಂಡಿತ್ತು. ಬಟ್ಟೆ ಮುಚ್ಚಿದ ಪೆಟ್ಟಿಗೆಗಳು ಸಾಲು ಸಾಲಾಗಿದ್ದವು. ಅವುಗಳೊಳಗೆ ಆಗಾಗ ಏನೋ ಪರಚುವ ಸದ್ದು. ತೊಳೆಯುವ ಮೇಜಿನ ಬಳಿ ಇಬ್ಬರು ಒಂದು ಹಕ್ಕಿಯನ್ನು ಹಿಡಿದಿದ್ದರು. ಮೂರನೆಯವಳು ಹಲ್ಲುಜ್ಜುವ ಬ್ರಶ್ಶಿನಿಂದ ಅದರ ಕಣ್ಣಿನ ಸುತ್ತ ತಿಕ್ಕುತ್ತಿದ್ದಳು. ಒಂದು ಟಬ್ಬಿನ ನೀರು ಕಪ್ಪಾದರೆ ಮುಂದಿನ ಟಬ್ಬಿಗೆ. ಅದು ಕಂದಾದರೆ ಅದರ ಮುಂದಿನದಕ್ಕೆ. ಎಲ್ಲ ಕೈಸನ್ನೆಯಲ್ಲೇ ನಡೆದಿತ್ತು. ಮೂಲೆಯಲ್ಲಿ ಬೆತ್ತದ ಕುರ್ಚಿಯೊಂದು ಖಾಲಿ ಇತ್ತು. ಅದರ ಮೇಲೆ ಯಾರೂ ಏನನ್ನೂ ಇಟ್ಟಿರಲಿಲ್ಲ.

ಡ್ರೈವರಣ್ಣ ಏಪ್ರನ್ ಕಟ್ಟಿಕೊಳ್ಳುತ್ತಿದ್ದ. ಮಗಳು ಅವನೆದುರು ಹೋಗಿ ನಿಂತಳು.

"ಅಣ್ಣಾ, ಅಮ್ಮ ಕೊನೇಲಿ ನನ್ನ ಕೇಳಿದ್ರಾ ಇಲ್ವಾ?"

ಅವಳು ತಗ್ಗಿದ ದನಿಯಲ್ಲೇ ಕೇಳಿದೆ ಅಂದುಕೊಂಡಿದ್ದಳು. ಮೈಕಿನವಳ ತಗ್ಗಿದ ದನಿ. ಸಾಲು ಪೆಟ್ಟಿಗೆಗಳಲ್ಲಿ ರೆಕ್ಕೆಗಳು ಪಟಪಟ ಬಡಿದವು. ಮೇಜಿನ ಬಳಿಯವರು ಉಸಿರು ಬಿಗಿಹಿಡಿದರು. ಡ್ರೈವರಣ್ಣ ಅವಳಿಗೆ ಬಾಗಿಲು ತೋರಿಸಿದ. ಇಬ್ಬರೂ ಹೊರಗೆ ಬಂದು ಕಟ್ಟೆಯ ಮೇಲೆ ನಿಂತರು. ಕೆಳಗೆ ನೀರಿನ ಮೇಲೆ ಎಣ್ಣೆಯ ಬಣ್ಣಗಳು ಅಲೆಯುತ್ತಿದ್ದವು.

"ಹೇಳಿ ಈಗ. ಇಲ್ಲಿ ಯಾರೂ ಬೆದರಲ್ಲ."

"ನೀವು ಸ್ವಲ್ಪ ಸುಧಾರಿಸ್ಕೊಂಡ ಮೇಲೆ..."

"ನಾನು ಹಕ್ಕಿ ಅಲ್ಲ," ಎಂದಳು ಮಗಳು. "ಸುಧಾರಿಸ್ಕೊಂಡಿದೀನಿ. ಇನ್ನೊಂದು ಗಂಟೇಲಿ ಅಮ್ಮನ್ನ ಮಣ್ಣು ಮಾಡ್ತಾರೆ. ಆಮೇಲೆ ಯಾರನ್ನ ಕೇಳ್ಲಿ ನಾನು?"

ಡ್ರೈವರಣ್ಣ ಕೈಗವಸನ್ನು ಒಂದೊಂದೇ ಬೆರಳು ಬಿಡಿಸಿ ಕಳಚಿದ. ಮಾತು ಅವನಿಗೆ ಸುಲಭದ್ದಾಗಿರಲಿಲ್ಲ.

"ಬೆಳಗ್ಗೆ ಬೆಳಗ್ಗೆ ಇಲ್ಲಿ ತೂಕ ಹೇಳ್ತೀವಿ. ಯಾವ್ದೇ ಹಕ್ಕಿ ಇರ್ಲಿ, ಹೇಳಿ, ಏರಿದ್ಯಾ ಇಳಿದಿದ್ಯಾ ನೋಡ್ತೀವಿ. ಹಕ್ಕಿ ಇಲ್ದೇ ಇದ್ದಾಗ್ಲೂ ಟೀಚರ್ ಸೋಮವಾರ ಬಂದು, ಟೀ ಕುಡೀತಾ, ನಿಮ್ಮ ತೂಕ ಹೇಳೋರು. 'ನಮ್ಮವಳು ಈ ವಾರ ಸ್ವಲ್ಪ ಏರಿದಾಳೆ ಕಣ್ರಪ್ಪ' ಅನ್ನೋರು. ನಾವೆಲ್ಲ ಖುಷಿ ಪಡ್ತಿದ್ವಿ. ನಿಮ್ಮ ಮುಖ ನೋಡ್ದೇ ಇರೋರೂ ಖುಷಿ ಪಡ್ತಿದ್ರು."

ಮಗಳು ಕಟ್ಟೆಯ ಕಂಬ ಹಿಡಿದುಕೊಂಡಳು.

"ಎರಡು ತಿಂಗಳ ಹಿಂದೆ ಡಾಕ್ಟ್ರು ಆಪರೇಷನ್ ಆಗ್ಲೇಬೇಕು, ಯಾರಾದ್ರೂ ಹತ್ರದೋರನ್ನ ಕರ್ಕೊಂಡ್ಬನ್ನಿ ಅಂದ್ರು. ನಿಮಗೆ ಹೇಳ್ಬೇಕು ಅಂತ ಭಾನುವಾರ ಫೋನ್ ಹಚ್ಚಿದ್ರಂತೆ. ಅವತ್ತು ನಿಮ್ಮ ತೂಕ ತುಂಬಾ ಇಳಿದಿತ್ತಂತೆ." ಅವನು ನೀರನ್ನೇ ನೋಡುತ್ತ ಮಾತಾಡುತ್ತಿದ್ದ. "ಸೋಮವಾರ ಬಂದವ್ರು ಆ ಕುರ್ಚಿ ಬಿಟ್ಟು ಏಳ್ಲಿಲ್ಲ. 'ಅವಳ ರೆಕ್ಕೆ ಒಳಗೆ ಇನ್ನೂ ನೀರು ಇಳೀತಿದೆ. ಈಗ ಇದನ್ನ ಹೇಳಿದ್ರೆ ಮುಳುಗಿ ಹೋಗ್ತಾಳೆ. ನಾನು ವಾರ ವಾರ ಫೋನ್ ಮಾಡಿ ಪೀಡಿಸಿದ್ದೇ ತಪ್ಪಾಯ್ತೇನೋ. ಸ್ವಲ್ಪ ದಿನ ಮುಟ್ಟೋದು ಬೇಡ' ಅಂದ್ರು. ನಾವೂ ಹೌದು ಅಂದ್ವಿ. ತೂಕ ಇಳಿಯೋದನ್ನ ಯಾರೂ ಮುಟ್ಟಲ್ಲವಲ್ಲ."

"ನಾನು ಸುಳ್ಳು ಹೇಳಿದ್ದೆ," ಎಂದಳು ಮಗಳು. ಬೇರೆ ಯಾರದೋ ಮಾತು ಕೇಳಿಸಿಕೊಂಡ ಹಾಗೆ ತಲೆಯಾಡಿಸಿದಳು. "ನಮ್ಮನೇಲಿ ತೂಕದ ಮಿಷನ್ನೇ ಇಲ್ಲ ಅಣ್ಣಾ. ಅಮ್ಮ ಬರ್ಲಿ ಅಂತ ಹೇಳಿದ್ದೆ."

ಡ್ರೈವರಣ್ಣನ ಕೈ ಅವಳ ಭುಜದ ಕಡೆ ಅರ್ಧ ಬಂದು, ಅಭ್ಯಾಸಬಲದಿಂದ ನಿಂತು, ಹಿಂದಕ್ಕೆ ಹೋಯಿತು.

"ಈ ಸಲ ಎಣ್ಣೆ ಬಂದ ಮೇಲೆ ಮನೆಗೇ ಹೋಗ್ಲಿಲ್ಲ ಅವ್ರು. ಆಸ್ಪತ್ರೆಗೆ ನಡೀರಿ ಅಂದ್ರೆ, ಇವು ತೊಳೆದಾಗ್ಲಿ ಅಂದ್ರು. ಮಗಳನ್ನಾದ್ರೂ ಕರೀಲಾ ಅಂತ ನಾನೇ ಕೇಳ್ದೆ. ಜೇಬಿಂದ ಫೋನ್ ತೆಗೆದು ನೋಡಿದ್ರು. 'ಅವಳಾಗೇ ಮಾಡ್ಲಿ. ಏರಿದೆ ಅಂತ ಒಂದು ಸಲ ಹೇಳ್ಲಿ, ಆಗ ಎಲ್ಲಾ ಹೇಳಿಬಿಡ್ತೀನಿ' ಅಂದ್ರು. ಫೋನ್ ಕೈಲೇ ಇತ್ತು ಕೊನೇಲಿ."

ಬಯ್ಯಲೆಂದು ಬಂದವಳು ಅವಳು. ದಾರಿಯುದ್ದಕ್ಕೂ ಮಾತುಗಳನ್ನು ಮಸೆದುಕೊಂಡಿದ್ದಳು. ಈಗ ಯಾರನ್ನು ಬಯ್ಯುವುದು? ಅಮ್ಮ ಬಾರದೇ ಇದ್ದದ್ದು ಬೇಡವಾಗಿದ್ದಕ್ಕಲ್ಲ. ಮಗಳು ಕರೆದ ಕರೆಯನ್ನು ಅಮ್ಮ ದೂರ ಇರು ಎಂದು ಓದಿಕೊಂಡಿದ್ದಳು. ಅಮ್ಮ ಕಾದು ಕೂತದ್ದನ್ನು ಮಗಳು, ಅಮ್ಮ ತನ್ನನ್ನು ಮರೆತೇಬಿಟ್ಟಳು ಎಂದುಕೊಂಡಿದ್ದಳು. ಎರಡು ತಿಂಗಳು ಇಬ್ಬರೂ ಒಬ್ಬರ ಫೋನಿಗೆ ಇನ್ನೊಬ್ಬರು ಕಾದಿದ್ದರು. ಅಮ್ಮನ ಮೇಲೆ ಅವಳಿಗೆ ಹಿಡಿಸಲಾರದಷ್ಟು ಸಿಟ್ಟು ಬಂತು, ಅಷ್ಟೇ ಪ್ರೀತಿ ಬಂತು, ತನ್ನ ಮೇಲೆ ಬಂದದ್ದು ಏನೆಂದು ಅವಳಿಗೆ ಗೊತ್ತಾಗಲಿಲ್ಲ.

ಮಾವ ಫೋನು ಮಾಡಿದ. ಶೆಡ್ಡಿನ ಗೋಡೆಯಾಚೆಗೂ ಕೇಳುವಷ್ಟು ಜೋರಾಗಿ, "ಎಲ್ ಸತ್ತೇ? ಹೊರಟಿದೀವಿ ನಾವು," ಎಂದ. ಆಮೇಲೆ ತನ್ನ ಮಾತು ತನಗೇ ಕೇಳಿಸಿ, "ಬಾರೇ ತಾಯಿ, ನಿನ್ನ ಬಿಟ್ಟು ಹೆಂಗೆ ಮಾಡ್ಲಿ," ಎಂದು ಮೆತ್ತಗಾದ.

ಒಳಗೆ ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ಕೈಸನ್ನೆಯಲ್ಲೇ ಸಣ್ಣದೊಂದು ಜಗಳವಾಯಿತು. ಎಲ್ಲರಿಗೂ ಹೋಗಬೇಕಿತ್ತು. ಮೇಜಿನ ಮೇಲಿದ್ದ ಹಕ್ಕಿಯನ್ನು ಅರ್ಧ ತೊಳೆದು ಬಿಡುವಂತಿರಲಿಲ್ಲ. ಕೊನೆಗೆ ಬ್ರಶ್ಶು ಹಿಡಿದವಳು ತಾನೇ ಉಳಿಯುತ್ತೇನೆಂದು ತಲೆಯಾಡಿಸಿ, ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಅವಳ ಜೊತೆ ಇನ್ನಿಬ್ಬರು ನಿಂತರು. ಉಳಿದವರು ಏಪ್ರನ್ನಿನಲ್ಲೇ ವ್ಯಾನು ಹತ್ತಿದರು.

* * *

ಸ್ಮಶಾನ ಊರಿನ ಮೇಲ್ಭಾಗದಲ್ಲಿತ್ತು. ಒಂದು ಬದಿಗೆ ತಗ್ಗಾದ ಗೋಡೆ, ಇನ್ನೊಂದು ಬದಿಗೆ ಹಳೆಯ ದೊಡ್ಡ ಮರ. ಮನೆಯಿಂದ ಬಂದವರು, ಶೆಡ್ಡಿನಿಂದ ಬಂದವರು ಎಲ್ಲ ಸೇರಿದರು. ಅಮ್ಮನ ಹತ್ತಿರ ಕಲಿತ ಜನ ಗುಂಡಿಯಿಂದ ಒಂದಿಷ್ಟು ದೂರದಲ್ಲೇ ನಿಂತರು. ಕೈಗಳು ಹಿಂದೆ, ಕಣ್ಣುಗಳು ಕೆಳಗೆ. ಅಷ್ಟು ಜನರಲ್ಲಿ ಒಬ್ಬರ ಮೂಗೂ ಸೊರ್ ಅನ್ನಲಿಲ್ಲ.

ಪೆಟ್ಟಿಗೆ ಇಳಿಯಿತು. ಮಾವ ಹಗ್ಗ ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡ.

"ಯಾರಾದ್ರೂ ಎರಡು ಮಾತಾಡ್ತೀರಾ?" ಎಂದು ಕೇಳಿದ. "ಇಷ್ಟು ವರ್ಷ ಕಲ್ಸಿದಾಳೆ ನಮ್ಮಕ್ಕ."

ಟೈಲರಮ್ಮ ಪಕ್ಕದವರನ್ನು ನೋಡಿದಳು. ಗುಮಾಸ್ತ ತನ್ನ ಬೂಟನ್ನು ನೋಡಿಕೊಂಡ. ಡ್ರೈವರಣ್ಣ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದಕ್ಕೆ ಸರಿದ. ಮಾತಾಡಲು ಅವರಿಗೆ ಮನಸ್ಸಿರಲಿಲ್ಲ ಎಂದಲ್ಲ. ಟೀಚರ್ ಎದುರಿಗಿರುವಾಗ ದನಿಯೆತ್ತಿ ಅವರಿಗೆ ಅಭ್ಯಾಸವೇ ಇರಲಿಲ್ಲ.

ಮಗಳು ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕೈ ಚಾಚಿದಳು, ಆದರೆ ಬಿಡಲಾಗಲಿಲ್ಲ. ದಿನಕ್ಕೆ ಸಾವಿರ ಜನಕ್ಕೆ ದಾರಿ ಹೇಳುವವಳಿಗೆ ಈ ಒಬ್ಬಳಿಗೆ ಹೇಳಲು ಏನೂ ಹೊಳೆಯಲಿಲ್ಲ. ಬೇಕಾಗಿದ್ದ ಮಾತನ್ನು ಎರಡು ತಿಂಗಳ ಹಿಂದೆ ಹೇಳಬೇಕಿತ್ತು. ಒಂದೇ ಪದದ್ದು ಅದು.

"ಅಮ್ಮಾ, ಬಾ," ಎಂದಳು.

ಮೊದಲ ಸಲ ಸಣ್ಣಗೆ ಬಂತು. ಎರಡನೆಯ ಸಲ ಅವಳ ದನಿ ಎಂದಿನ ದನಿಯಾಯಿತು, ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ಮುಟ್ಟುವ ದನಿ. "ಬಾರಮ್ಮಾ," ಎಂದು ಕೂಗಿದಳು. ಆಮೇಲೆ ಅದರಲ್ಲಿ ಪದಗಳಿರಲಿಲ್ಲ. ಹೊಟ್ಟೆಯಾಳದಿಂದ 'ಹೋ' ಎಂದು ಎದ್ದು ಬಂತು. ಅವಳು ಮೊಣಕಾಲೂರಿ ಕೂತು, ಮಣ್ಣು ಹಿಡಿದ ಮುಷ್ಟಿಯಿಂದಲೇ ಎದೆ ಗುದ್ದಿಕೊಳ್ಳುತ್ತ ಅತ್ತಳು. ಮಾವ ಅವಳನ್ನು ಎತ್ತಲು ಬಾಗಿದವನು ಅಲ್ಲೇ ಪಕ್ಕದಲ್ಲಿ ಕುಸಿದು ಕೂತ.

ದೊಡ್ಡ ಮರದ ತುಂಬ ಕೂತಿದ್ದ ಹಕ್ಕಿಗಳು ಒಟ್ಟಿಗೇ ಎದ್ದವು. ಕಿರುಚುತ್ತ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ಎಲ್ಲರ ತಲೆಯ ಮೇಲೆ ಗಿರಕಿ ಹೊಡೆಯತೊಡಗಿದವು. ಅಲ್ಲಿದ್ದ ಏಪ್ರನ್ನಿನವರಲ್ಲಿ ಒಬ್ಬರೂ ಕತ್ತೆತ್ತಿ ಅವನ್ನು ನೋಡಲಿಲ್ಲ. ನೆಲದಿಂದ ಕಣ್ಣು ಕಿತ್ತು, ಎಲ್ಲರೂ ಅವಳ ಮುಖವನ್ನೇ ನೋಡುತ್ತ ಹತ್ತಿರ ಬರುತ್ತಿದ್ದರು.